ಚೌಕದಿಂದ ವೃತ್ತಕ್ಕೆ: ಶೀಟ್ ಮೆಟಲ್ ಟ್ರಾನ್ಸಿಷನ್‌ಗಳ ಫ್ಲಾಟ್ ಪ್ಯಾಟರ್ನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಬಾಯಿ ಚೌಕ, ಇನ್ನೊಂದು ಬಾಯಿ ಗುಂಡಗೆ. ಇವೆರಡನ್ನೂ ಜೋಡಿಸುವ ತಗಡಿನ ಭಾಗವೇ ಟ್ರಾನ್ಸಿಷನ್. ಡಕ್ಟ್, ಹಾಪರ್, ಬ್ಲೋವರ್, ಧೂಳು ಹೀರುವ ಪೈಪ್‌ಲೈನ್ ಎಲ್ಲಕ್ಕೂ ಈ ಆಕಾರ ಬೇಕು. ಬಾಗಿಸುವ ಮೊದಲು ಕತ್ತರಿಸಬೇಕಾದ ಚಪ್ಪಟೆ ತಗಡಿನ ಆಕಾರವೇ ಅದರ ಫ್ಲಾಟ್ ಪ್ಯಾಟರ್ನ್. ಕಂಪ್ಯೂಟರ್ ತೆರೆಯ ಮೇಲೆ ಇದನ್ನು ಬಿಡಿಸುವುದು ಸುಲಭ. ತಗಡು ಕತ್ತರಿಸಿ, ಬಾಗಿಸಿ, ಪೈಪಿಗೆ ಕೂರಿಸಲು ಹೊರಟಾಗಲೇ ಬಿಡಿಸಿದ್ದು ಸರಿಯೋ ತಪ್ಪೋ ಗೊತ್ತಾಗುವುದು. ಡಿಸೈನ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ: 400 × 400 ಮಿ.ಮೀ. ಚೌಕ, ಅದರ ನಡುಮಧ್ಯಕ್ಕೆ 300 ಮಿ.ಮೀ. ವ್ಯಾಸದ ವೃತ್ತ, ಎತ್ತರ 300 ಮಿ.ಮೀ., ತಗಡಿನ ದಪ್ಪ 2 ಮಿ.ಮೀ. ಬೇರೆ ಹೇಳದಿದ್ದರೆ ಈ ಅಳತೆಗಳು ತಗಡಿನ ದಪ್ಪದ ನಡುಗೆರೆಯವು.

## ಮಾಡೆಲ್ ನೋಡಲು ಚೆನ್ನಾಗಿದೆ. ಆದರೆ ಫ್ಲಾಟ್ ಪ್ಯಾಟರ್ನ್ ಬಟನ್ ಒತ್ತಿದರೆ ಎರರ್ ಬರುತ್ತದೆ. ಯಾಕೆ?

ನೂರಕ್ಕೆ ತೊಂಬತ್ತು ಸಲ ತಪ್ಪು ಸಾಫ್ಟ್‌ವೇರಿನದಲ್ಲ, ಆಕಾರದ್ದು.

ಒಂದು ಕಾಗದ ತೆಗೆದುಕೊಳ್ಳಿ. ಅದನ್ನು ಸುರುಳಿ ಸುತ್ತಬಹುದು, ಶಂಕು ಮಾಡಬಹುದು, ಮಡಿಸಬಹುದು. ಚೆಂಡಿಗೆ ಸುತ್ತಲು ಹೋದರೆ ಮಾತ್ರ ಸುಕ್ಕು ಬಿದ್ದೇ ಬೀಳುತ್ತದೆ. ತಗಡೂ ಹಾಗೆಯೇ. ಹಿಗ್ಗದೆ ಕುಗ್ಗದೆ ಬರೀ ಬಾಗುವುದರಿಂದ ಆಗುವ ಆಕಾರಗಳು ಕೆಲವೇ: ಸಮತಲ, ಸಿಲಿಂಡರ್, ಶಂಕು, ಮತ್ತು ಇವುಗಳ ಬಂಧುಗಳು. ಇವನ್ನು ಡೆವಲಪಬಲ್ ಮೇಲ್ಮೈ ಎನ್ನುತ್ತಾರೆ. ಬಾಗಿಸುವುದರಿಂದ ಮೇಲ್ಮೈಯ ಒಂದು ಗುಣ, ಈಗ ನಾವು ಗಾಸಿಯನ್ ಕರ್ವೇಚರ್ ಎಂದು ಕರೆಯುವುದು, ಬದಲಾಗುವುದಿಲ್ಲ ಎಂದು ಗಣಿತಜ್ಞ ಗಾಸ್ 1827ರಲ್ಲೇ ತೋರಿಸಿಕೊಟ್ಟ. ಚಪ್ಪಟೆ ತಗಡಿನಲ್ಲಿ ಅದು ಸೊನ್ನೆ. ಹಾಗಾಗಿ ಬಾಗಿಸಿದ ಮೇಲೂ ಸೊನ್ನೆಯೇ ಇರಬೇಕು.

ಎರಡು ಆಕಾರಗಳ ನಡುವೆ ಮೇಲ್ಮೈ ಎಳೆಯುವ ಮಾಮೂಲಿ ಲಾಫ್ಟ್ ಕಮಾಂಡಿಗೆ ಇದರ ಗೊಡವೆ ಇಲ್ಲ. ಚೌಕದ ನೇರ ಅಂಚನ್ನು ವೃತ್ತದ ಕಾಲುಭಾಗಕ್ಕೆ ನುಣುಪಾಗಿ ಜೋಡಿಸಿಬಿಡುತ್ತದೆ. ಹೀಗೆ ಹುಟ್ಟುವ ಮೇಲ್ಮೈ ತಿರುಚಿಕೊಂಡಿರುತ್ತದೆ. ಅದನ್ನು ಗುರುತಿಸಲು ಒಂದು ಉಪಾಯವಿದೆ. ಕೆಳಬಾಯಿಯಿಂದ ಮೇಲ್ಬಾಯಿಗೆ ಮೇಲ್ಮೈ ಮೇಲೆ ಒಂದು ನೇರ ಗೆರೆ ಊಹಿಸಿಕೊಳ್ಳಿ. ಆ ಗೆರೆಯ ಉದ್ದಕ್ಕೂ ತಗಡು ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಅದು ಹಾಸಿಕೊಳ್ಳುತ್ತದೆ, ಅಂದರೆ ಚಪ್ಪಟೆಯಾಗುತ್ತದೆ. ಕೆಳಗೆ ಒಂದು ಕಡೆಗೆ, ಮೇಲೆ ಬರುವಷ್ಟರಲ್ಲಿ ಬೇರೆ ಕಡೆಗೆ ತಿರುಗಿದ್ದರೆ ಹಾಸಿಕೊಳ್ಳುವುದಿಲ್ಲ. ಫ್ಯಾನಿನ ರೆಕ್ಕೆ ತಿರುಚಿಕೊಂಡಿರುವುದನ್ನು ನೆನಪಿಸಿಕೊಳ್ಳಿ, ಅದೇ ಜಾತಿ. ರೈನೋದಂಥ 3ಡಿ ಡಿಸೈನ್ ಪ್ರೋಗ್ರಾಂಗಳಲ್ಲಿ ಗಾಸಿಯನ್ ಕರ್ವೇಚರನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವೂ ಇದೆ.

## ಹಾಗಾದರೆ ಸರಿಯಾದ ಚೌಕ–ವೃತ್ತ ಟ್ರಾನ್ಸಿಷನ್ ಹೇಗಿರುತ್ತದೆ?

ನಾಲ್ಕು ಚಪ್ಪಟೆ ತ್ರಿಕೋನ, ನಾಲ್ಕು ಶಂಕುವಿನ ತುಂಡು. ಇಷ್ಟೇ.

ಚೌಕದ ಪ್ರತಿ ಅಂಚು ಒಂದು ತ್ರಿಕೋನದ ಪಾದ. ಅದರ ತುದಿ ವೃತ್ತವನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತದೆ. ಚೌಕದ ಪ್ರತಿ ಮೂಲೆ ಒಂದು ಓರೆ ಶಂಕುವಿನ ಶಿಖರ; ಅದರ ಅಗಲ ಭಾಗ ವೃತ್ತದ ಕಾಲುಭಾಗ. ಕೈಯಲ್ಲಿ ಡ್ರಾಯಿಂಗ್ ಬಿಡಿಸುವವರು ಟ್ರಯಾಂಗ್ಯುಲೇಷನ್ ಎನ್ನುವುದು ಇದನ್ನೇ. ಶಂಕುವಿನ ತುಂಡನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು, ಪ್ರತಿ ಗೆರೆಯ ನಿಜ ಉದ್ದ ಕಂಡುಹಿಡಿದು, ಒಂದರ ಪಕ್ಕ ಒಂದನ್ನು ಹಾಸುತ್ತಾ ಹೋಗುವುದು. ಸಾಫ್ಟ್‌ವೇರ್ ಒಳಗೂ ನಡೆಯುವುದು ಇದೇ ಕೆಲಸ.

ನಮ್ಮ ಉದಾಹರಣೆಯಲ್ಲಿ ಮೂಲೆಯಿಂದ ವೃತ್ತಕ್ಕೆ ಎಳೆದ ಗೆರೆಗಳ ನಿಜ ಉದ್ದ ನೋಡಿ. ತ್ರಿಕೋನದ ತುದಿ ಮುಟ್ಟುವಲ್ಲಿಗೆ 364.0, ಅಲ್ಲಿಂದ 22.5 ಡಿಗ್ರಿ ಸರಿದರೆ 337.8, ಮೂಲೆಗೆ ನೇರ ಎದುರಿನ 45 ಡಿಗ್ರಿ ಬಿಂದುವಿಗೆ 328.1 ಮಿ.ಮೀ. ಚಪ್ಪಟೆ ತ್ರಿಕೋನದ ಎತ್ತರ 304.1. ಫ್ಲಾಟ್ ಪ್ಯಾಟರ್ನ್ ಬಂದ ಮೇಲೆ ಈ ನಾಲ್ಕು ಅಳತೆಗಳನ್ನು ಮೆಷರ್ ಟೂಲ್‌ನಿಂದ ಅಳೆದು ನೋಡಿ. ಬೆಂಡ್ ಲೆಕ್ಕದಿಂದ ಅಲ್ಪಸ್ವಲ್ಪ ವ್ಯತ್ಯಾಸ ಬಂದರೆ ಸರಿ. ಹತ್ತು ಮಿ.ಮೀ. ತಪ್ಪಿದ್ದರೆ ಮಾಡೆಲ್‌ನಲ್ಲೇ ಏನೋ ಎಡವಟ್ಟಾಗಿದೆ.

## ಯಾವ ಸಾಫ್ಟ್‌ವೇರ್‌ನಲ್ಲಿ ಯಾವ ಕಮಾಂಡ್?

ಸಾಲಿಡ್‌ವರ್ಕ್ಸ್‌ನಲ್ಲಿ ಲಾಫ್ಟೆಡ್ ಬೆಂಡ್. ಇನ್ವೆಂಟರ್ ಮತ್ತು ಸಾಲಿಡ್ ಎಡ್ಜ್‌ನಲ್ಲಿ ಲಾಫ್ಟೆಡ್ ಫ್ಲ್ಯಾಂಜ್. ಫ್ರೀಕ್ಯಾಡ್‌ನ ಶೀಟ್ ಮೆಟಲ್ ವರ್ಕ್‌ಬೆಂಚ್ ಚಪ್ಪಟೆ ಮುಖಗಳು ಮತ್ತು ಸಿಲಿಂಡರ್ ಆಕಾರದ ಬೆಂಡ್‌ಗಳಿಗೆ ಒಗ್ಗಿದ್ದು. ಅದರಲ್ಲಿ ಮಾಡುವುದಾದರೆ ನುಣುಪು ಶಂಕು ಬಿಟ್ಟು ಮಡಿಕೆಗಳ ರೂಪದಲ್ಲೇ ಕಟ್ಟಿ.

ಹೆಸರು ಏನೇ ಇರಲಿ, ಶೀಟ್ ಮೆಟಲ್ ವಿಭಾಗದೊಳಗಿನ ಲಾಫ್ಟನ್ನೇ ಬಳಸಿ. ಸಾಧಾರಣ ಲಾಫ್ಟ್ ಮಾಡಿ, ಶೆಲ್ ಹಾಕಿ (ಒಳಗನ್ನು ಟೊಳ್ಳು ಮಾಡಿ), ಆಮೇಲೆ ಶೀಟ್ ಮೆಟಲ್‌ಗೆ ಬದಲಾಯಿಸುವ ಅಡ್ಡದಾರಿ ಹಿಡಿದವರು ಬಹುಪಾಲು ಮತ್ತೆ ಮೊದಲಿನಿಂದ ಶುರು ಮಾಡುವುದನ್ನೇ ನೋಡಿದ್ದೇನೆ.

## ಸ್ಕೆಚ್ ಬಿಡಿಸುವಾಗ ಏನು ಗಮನಿಸಬೇಕು?

ಎರಡು ಸಂಗತಿ. ಮೊದಲನೆಯದು ಸೀಳು. ಮುಚ್ಚಿದ ಕೊಳವೆಯನ್ನು ಎಲ್ಲೂ ಸೀಳದೆ ಹಾಸಲು ಆಗುವುದಿಲ್ಲ. ಸಾಲಿಡ್‌ವರ್ಕ್ಸ್‌ನಲ್ಲಿ ಎರಡೂ ಸ್ಕೆಚ್ ತೆರೆದೇ ಇರಬೇಕು, ತೆರಪು ಎರಡರಲ್ಲೂ ಒಂದೇ ಕಡೆ ಬರಬೇಕು. ಅರ್ಧ ಮಿ.ಮೀ. ತೆರಪು ಸಾಕು. ಇನ್ವೆಂಟರ್ ಮುಚ್ಚಿದ ಪ್ರೊಫೈಲನ್ನೂ ಒಪ್ಪುತ್ತದೆ, ಆದರೆ ಹಾಸುವ ಮೊದಲು ರಿಪ್ ಕಮಾಂಡಿನಿಂದ ಸೀಳಬೇಕು.

ಎರಡನೆಯದು ಮೂಲೆ. ಚೂಪು ಮೂಲೆಯನ್ನು ಸಾಲಿಡ್‌ವರ್ಕ್ಸ್ ಒಪ್ಪುವುದಿಲ್ಲ. ಚೌಕದ ಮೂಲೆಗಳಿಗೆ ಸಣ್ಣ ರೇಡಿಯಸ್ ಕೊಡಿ. ನಿಜವಾದ ತಗಡಿಗೂ ಚೂಪು ಮೂಲೆ ಬರುವುದಿಲ್ಲವಾದ್ದರಿಂದ ಇದು ಸುಳ್ಳು ಜ್ಯಾಮಿತಿಯೇನಲ್ಲ.

ನಾನು ಯಾವಾಗಲೂ ಅರ್ಧ ಪ್ರೊಫೈಲ್ ಮಾತ್ರ ಬಿಡಿಸುತ್ತೇನೆ: ಅರ್ಧ ಚೌಕ, ಅರ್ಧ ವೃತ್ತ. ಎರಡು ತುಂಡು ಮಾಡಿ ವೆಲ್ಡ್ ಮಾಡುವುದಾದರೆ ಅದೇ ಅಂತಿಮ ಭಾಗ. ಒಂದೇ ತುಂಡು ಬೇಕಾದರೂ ಅರ್ಧದಲ್ಲಿ ತಪ್ಪು ಹುಡುಕುವುದು ಸುಲಭ.

## ಪ್ರೆಸ್ ಬ್ರೇಕ್‌ಗೋ, ರೋಲ್‌ಗೋ? ಮೊದಲೇ ತೀರ್ಮಾನಿಸಬೇಕೇ?

ಹೌದು, ಸ್ಕೆಚ್‌ಗಿಂತ ಮೊದಲೇ. ಪ್ರೆಸ್ ಬ್ರೇಕ್ ತಗಡನ್ನು ಒಂದೊಂದೇ ಗೆರೆಯಲ್ಲಿ ಒತ್ತಿ ಮಡಿಸುವ ಯಂತ್ರ; ರೋಲ್ ಯಂತ್ರ ಉರುಳೆಗಳ ನಡುವೆ ಹಾಯಿಸಿ ನುಣುಪಾಗಿ ಬಾಗಿಸುತ್ತದೆ. ಈ ಒಂದು ತೀರ್ಮಾನ ಉಳಿದ ಎಲ್ಲವನ್ನೂ ನಿರ್ಧರಿಸುತ್ತದೆ. ಇನ್ವೆಂಟರ್ ಇದನ್ನು ನೇರವಾಗಿ ಕೇಳುತ್ತದೆ: ಪ್ರೆಸ್ ಬ್ರೇಕ್ ಅಥವಾ ಡೈ ಫಾರ್ಮ್ಡ್. ಸಾಲಿಡ್‌ವರ್ಕ್ಸ್‌ನಲ್ಲಿ ಅದೇ ಆಯ್ಕೆ ಬೆಂಟ್ ಮತ್ತು ಫಾರ್ಮ್ಡ್ ಎಂಬ ಹೆಸರಿನಲ್ಲಿದೆ. ಪ್ರೆಸ್ ಬ್ರೇಕ್ ಎಂದರೆ ಶಂಕುವಿನ ಭಾಗ ಹಲವು ಚಪ್ಪಟೆ ಪಟ್ಟಿಗಳಾಗಿ ಒಡೆಯುತ್ತದೆ, ಪ್ರತಿ ಮಡಿಕೆಗೂ ಬೆಂಡ್ ಲೈನ್ ಸಿಗುತ್ತದೆ. ಇನ್ನೊಂದರಲ್ಲಿ ಮೇಲ್ಮೈ ನುಣುಪಾಗಿ ಬರುತ್ತದೆ, ಆದರೆ ಎಲ್ಲೆಲ್ಲಿ ಒತ್ತಬೇಕು ಎಂಬ ಗೆರೆಗಳಿಲ್ಲದೆ ಫ್ಲಾಟ್ ಪ್ಯಾಟರ್ನ್ ಬರಬಹುದು. ಬ್ರೇಕ್ ಮೇಲೆ ಕೆಲಸ ಮಾಡುವವರ ಕೈಗೆ ಗೆರೆಯಿಲ್ಲದ ತಗಡು ಕೊಟ್ಟರೆ ಅವರು ಏನು ಮಾಡಬೇಕು?

## ಶಂಕುವಿನ ಭಾಗಕ್ಕೆ ಎಷ್ಟು ಬೆಂಡ್ ಕೊಡಬೇಕು?

ಬಹಳ ಜನ ಇದನ್ನು ಅಂದಚಂದದ ಪ್ರಶ್ನೆ ಎಂದುಕೊಳ್ಳುತ್ತಾರೆ. ಅಲ್ಲ, ಇದು ಅಳತೆಯ ಪ್ರಶ್ನೆ.

ವೃತ್ತದೊಳಗೆ ಬಿಡಿಸಿದ ಬಹುಭುಜದ ಸುತ್ತಳತೆ ಯಾವತ್ತೂ ವೃತ್ತದ್ದಕ್ಕಿಂತ ಕಡಿಮೆ. 300 ವ್ಯಾಸದ ವೃತ್ತದ ಸುತ್ತಳತೆ 942.5 ಮಿ.ಮೀ. ಅದನ್ನು 12 ಭಾಗ ಮಾಡಿದರೆ ಬಹುಭುಜದ ಸುತ್ತಳತೆ 931.7, ಅಂದರೆ 10.7 ಮಿ.ಮೀ. ಕಡಿಮೆ. 16 ಭಾಗಕ್ಕೆ 6, 24 ಭಾಗಕ್ಕೆ 2.7, 48 ಭಾಗಕ್ಕೆ 0.7 ಮಿ.ಮೀ. ಕಡಿಮೆ.

ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಟ್ರಾನ್ಸಿಷನ್ ಕಳಿಸಿದ್ದೆ, 12 ಭಾಗದ್ದು. ಫ್ಲಾಟ್ ಪ್ಯಾಟರ್ನ್ ಅಚ್ಚುಕಟ್ಟಾಗಿತ್ತು, ಲೇಸರ್ ಕಟಿಂಗ್ ನಿಖರವಾಗಿತ್ತು, ಬೆಂಡ್‌ಗಳೂ ಸರಿಯಾಗಿದ್ದವು. ಆದರೆ ಬಾಯಿ ಪೈಪಿಗೆ ಕೂರಲಿಲ್ಲ. ಸುತ್ತಿಗೆಯಿಂದ ತಟ್ಟಿ ಗುಂಡಗೆ ಮಾಡಿದರೂ ಕೂರಲಿಲ್ಲ, ಕೂರುವುದು ಸಾಧ್ಯವೂ ಇರಲಿಲ್ಲ. ತಟ್ಟುವುದರಿಂದ ಆಕಾರ ಬದಲಾಗುತ್ತದೆ, ಉದ್ದ ಬೆಳೆಯುವುದಿಲ್ಲ. ಸೀಮ್ (ತಗಡಿನ ಎರಡು ಅಂಚು ಕೂಡುವ ಜೋಡಣೆ) ಬಿಚ್ಚಿ, ನಡುವೆ ಒಂದು ಬೆರಳಗಲದ ಪಟ್ಟಿ ಸೇರಿಸಿ ವೆಲ್ಡ್ ಮಾಡಬೇಕಾಯಿತು. ಅವತ್ತಿನಿಂದ ಫ್ಲಾಟ್ ಪ್ಯಾಟರ್ನ್‌ನ ಮೇಲಂಚಿನ ಒಟ್ಟು ಉದ್ದ ಅಳೆಯದೆ ಒಂದು ಫೈಲನ್ನೂ ಹೊರಗೆ ಕಳಿಸಿಲ್ಲ.

ಪರಿಹಾರ ಎರಡು. ಭಾಗಗಳನ್ನು ಹೆಚ್ಚಿಸುವುದು ಒಂದು. ಇದಕ್ಕೆ ಮಿತಿ ಇದೆ: 24 ಭಾಗ ಎಂದರೆ ಪ್ರತಿ ಮೂಲೆಗೆ 7 ಬೆಂಡ್ ಲೈನ್, ಒಟ್ಟು 28 ಸಲ ಬ್ರೇಕ್ ಒತ್ತಬೇಕು. ಇನ್ನೊಂದು, ಮಾಡೆಲ್‌ನ ವೃತ್ತವನ್ನೇ ಸ್ವಲ್ಪ ದೊಡ್ಡದು ಮಾಡಿ ಬಹುಭುಜದ ಸುತ್ತಳತೆಯನ್ನು ನಿಜವಾದ ವೃತ್ತಕ್ಕೆ ಸಮ ಮಾಡುವುದು. 12 ಭಾಗಕ್ಕೆ ವ್ಯಾಸ 303.5, 16 ಭಾಗಕ್ಕೆ 301.9, 24 ಭಾಗಕ್ಕೆ 300.9 ಕೊಡಿ. ಬೆಂಡ್ ಆದ ಮೇಲೆ ಬಾಯಿಯನ್ನು ತಟ್ಟಿ ಗುಂಡಗೆ ಮಾಡಿದರೆ ಸರಿಯಾಗಿ ಕೂರುತ್ತದೆ. ನನ್ನ ಒಲವು 16 ಭಾಗ ಮತ್ತು ದೊಡ್ಡ ಮಾಡಿದ ವೃತ್ತದ ಕಡೆಗೆ. ಬ್ರೇಕ್ ಮೇಲಿನ ಕೆಲಸ ಹಗುರ, ಅಳತೆಯೂ ಸರಿ.

ಸಾಫ್ಟ್‌ವೇರ್‌ನಲ್ಲಿ ಇದನ್ನು ಬೆಂಡ್‌ಗಳ ಸಂಖ್ಯೆಯಿಂದಲೋ, ಕೋನದಿಂದಲೋ, ಕಾರ್ಡ್ ಟಾಲರೆನ್ಸ್‌ನಿಂದಲೋ ಹೇಳಬಹುದು. ಕಾರ್ಡ್ ಟಾಲರೆನ್ಸ್ ಎಂದರೆ ಕಮಾನಿನ ನಡುವಿಗೂ ನೇರ ಪಟ್ಟಿಗೂ ಇರುವ ಅಂತರ. ನಮ್ಮ ವೃತ್ತಕ್ಕೆ 16 ಭಾಗದಲ್ಲಿ ಅದು 2.9 ಮಿ.ಮೀ., 24 ಭಾಗದಲ್ಲಿ 1.3 ಮಿ.ಮೀ.

## ವ್ಯಾಸ 300 ಎಂದು ಡ್ರಾಯಿಂಗ್‌ನಲ್ಲಿದೆ. ಒಳಗಿನದೋ ಹೊರಗಿನದೋ?

ಕೇಳಿ ತಿಳಿದುಕೊಳ್ಳಿ, ಊಹಿಸಬೇಡಿ. 2 ಮಿ.ಮೀ. ತಗಡಿನಲ್ಲಿ ಒಳವ್ಯಾಸ 300 ಎಂದರೆ ನಡುಗೆರೆಯ ವ್ಯಾಸ 302, ಹಾಸಿದ ಉದ್ದ 948.8. ಹೊರವ್ಯಾಸ 300 ಎಂದರೆ ನಡುಗೆರೆ 298, ಉದ್ದ 936.2. ಎರಡರ ನಡುವೆ 12.6 ಮಿ.ಮೀ. ಅಂತರ. ಪೈಪಿನ ಒಳಗೆ ತೂರುವುದೋ, ಪೈಪಿನ ಹೊರಗೆ ಕೂರುವುದೋ ಎಂಬುದು ಇದರಲ್ಲೇ ತೀರ್ಮಾನವಾಗುತ್ತದೆ. ಸ್ಕೆಚ್ ಯಾವ ಮುಖದ್ದು, ದಪ್ಪ ಯಾವ ಕಡೆಗೆ ಬೆಳೆಯುತ್ತಿದೆ ಎಂದು ಕಮಾಂಡ್ ಮುಗಿಸುವ ಮೊದಲು ಬಾಣದ ಗುರುತು ನೋಡಿ.

## ಕೆ-ಫ್ಯಾಕ್ಟರ್ ಎಷ್ಟು ಕೊಡಲಿ?

ಮೊದಲು ಅದರ ಅರ್ಥ. ತಗಡು ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಒಂದು ಪದರ ಹಾಗೇ ಇರುತ್ತದೆ. ಆ ಪದರ ಒಳಮೈಯಿಂದ ದಪ್ಪದ ಎಷ್ಟು ಪಾಲು ಒಳಗಿದೆ ಎನ್ನುವುದೇ ಕೆ-ಫ್ಯಾಕ್ಟರ್. ಬೆಂಡ್‌ನಲ್ಲಿ ಖರ್ಚಾಗುವ ಉದ್ದ = ರೇಡಿಯನ್‌ನಲ್ಲಿ ಕೋನ × (ಒಳ ರೇಡಿಯಸ್ + ಕೆ-ಫ್ಯಾಕ್ಟರ್ × ದಪ್ಪ). 2 ಮಿ.ಮೀ. ತಗಡು, 2 ಮಿ.ಮೀ. ಒಳ ರೇಡಿಯಸ್, 90 ಡಿಗ್ರಿ, ಕೆ 0.44 ಆದರೆ 4.52 ಮಿ.ಮೀ.

ನಿಮ್ಮ ಯಂತ್ರದಲ್ಲಿ, ನಿಮ್ಮ ತಗಡಿನಲ್ಲಿ ಒಂದು ತುಂಡು ಬಾಗಿಸಿ ಅಳೆದು ಪಡೆದ ಸಂಖ್ಯೆಯೇ ಸರಿಯಾದ ಸಂಖ್ಯೆ. ರೋಲ್ ಮಾಡುವಾಗ ರೇಡಿಯಸ್ ದಪ್ಪಕ್ಕಿಂತ ಬಹಳ ದೊಡ್ಡದಿರುವುದರಿಂದ 0.5 ಇಟ್ಟುಕೊಳ್ಳಬಹುದು. ಏರ್ ಬೆಂಡಿಂಗ್‌ನಲ್ಲಿ, ಅಂದರೆ ತಗಡನ್ನು ಡೈ ತಳಕ್ಕೆ ತಾಗಿಸದೆ ಬಾಗಿಸುವಾಗ, ಒಳ ರೇಡಿಯಸ್ಸನ್ನು ತೀರ್ಮಾನಿಸುವುದು ಮುಖ್ಯವಾಗಿ ವೀ-ಡೈ (ಕೆಳಗಿನ V ಆಕಾರದ ಅಚ್ಚು) ಬಾಯಿಯ ಅಗಲ. ಮೈಲ್ಡ್ ಸ್ಟೀಲ್‌ಗೆ ಅದರ ಸುಮಾರು ಆರನೇ ಒಂದು ಪಾಲು. 12 ಮಿ.ಮೀ. ಡೈಗೆ 2 ಮಿ.ಮೀ. ರೇಡಿಯಸ್ ಬರುವುದು ಹೀಗೆ.

ಟ್ರಾನ್ಸಿಷನ್‌ನಲ್ಲಿ ಕೆ-ಫ್ಯಾಕ್ಟರ್‌ಗೆ ತಲೆ ಎಷ್ಟು ಕೆಡಿಸಿಕೊಳ್ಳಬೇಕು? ಬೆಂಡ್‌ಗಳು ಎಷ್ಟೇ ಇರಲಿ, ಸುತ್ತಿ ಬರುವ ಒಟ್ಟು ಕೋನ 360 ಡಿಗ್ರಿಯೇ. ಹಾಗಾಗಿ 0.44ರ ಬದಲು 0.33 ಕೊಟ್ಟರೂ ಬಾಯಿಯ ಸುತ್ತಳತೆಯಲ್ಲಿ ಆಗುವ ವ್ಯತ್ಯಾಸ 2 ಮಿ.ಮೀ. ತಗಡಿಗೆ ಹೆಚ್ಚೆಂದರೆ 1.4 ಮಿ.ಮೀ. 12 ಭಾಗ ಮಾಡಿದ್ದರಿಂದ ಆದ 10.7 ಮಿ.ಮೀ. ತಪ್ಪಿನ ಮುಂದೆ ಇದು ಚಿಕ್ಕದು. ದಪ್ಪ ತಗಡಿಗೆ ಮಾತ್ರ ಇದು ದೊಡ್ಡದಾಗುತ್ತಾ ಹೋಗುತ್ತದೆ.

## ವೃತ್ತ ಪಕ್ಕಕ್ಕೆ ಸರಿದಿದೆ, ಅಥವಾ ವಾಲಿದೆ. ಆಗ?

ಬರೀ ಪಕ್ಕಕ್ಕೆ ಸರಿದಿದ್ದರೆ ಚಿಂತೆಯಿಲ್ಲ. ಎರಡೂ ಬಾಯಿ ಸಮಾಂತರವಾಗಿರುವ ತನಕ ತ್ರಿಕೋನದ ತುದಿಗಳು ವೃತ್ತದ ನಾಲ್ಕು ಕಾಲುಬಿಂದುಗಳಲ್ಲೇ ಕೂರುತ್ತವೆ. ಅಲ್ಲಿ ವೃತ್ತದ ಸ್ಪರ್ಶರೇಖೆ ಚೌಕದ ಅಂಚಿಗೆ ಸಮಾಂತರ. ಉದ್ದಗಳು ಮಾತ್ರ ಬದಲಾಗುತ್ತವೆ.

ವೃತ್ತದ ಬಾಯಿ ವಾಲಿದಾಗ ಕಾಲುಬಿಂದುವಿನ ನಿಯಮ ಎಲ್ಲ ಅಂಚಿಗೂ ಹೊಂದುವುದಿಲ್ಲ. ಎರಡು ಬಾಯಿಗಳ ಸಮತಲಗಳು ಎಲ್ಲೋ ಒಂದು ಗೆರೆಯಲ್ಲಿ ಸಂಧಿಸುತ್ತವೆ. ಚೌಕದ ಅಂಚನ್ನು ಆ ಗೆರೆಯವರೆಗೆ ಎಳೆಯಿರಿ. ತಾಗಿದ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶರೇಖೆ ಎಳೆದರೆ, ಅದು ವೃತ್ತವನ್ನು ಮುಟ್ಟುವ ಜಾಗವೇ ಆ ಅಂಚಿನ ತ್ರಿಕೋನದ ತುದಿ. ಸಂಧಿಸುವ ಗೆರೆಗೆ ಸಮಾಂತರವಾದ ಅಂಚುಗಳಿಗೆ ಮಾತ್ರ ಕಾಲುಬಿಂದು ಹಾಗೇ ಉಳಿಯುತ್ತದೆ. 3ಡಿ ಸ್ಕೆಚ್‌ನಲ್ಲಿ ಈ ಕೆಲಸ ಎರಡೇ ಗೆರೆ.

ಇದನ್ನು ಬಿಟ್ಟು ಕಾಲುಬಿಂದುವಿಗೇ ಜೋಡಿಸಿದರೂ ತಗಡು ಹಾಸಿಕೊಳ್ಳುತ್ತದೆ, ಮೂರು ಬಿಂದುಗಳ ನಡುವೆ ಚಪ್ಪಟೆ ತ್ರಿಕೋನ ಯಾವಾಗಲೂ ಇರುತ್ತದಲ್ಲ. ಆದರೆ ತ್ರಿಕೋನವೂ ಶಂಕುವೂ ನುಣುಪಾಗಿ ಕೂಡುವುದಿಲ್ಲ. ಒಂದು ಪಕ್ಕ ಹೊರಮಡಿಕೆ, ಇನ್ನೊಂದು ಪಕ್ಕ ಒಳಮಡಿಕೆ ಬೀಳುತ್ತದೆ. ಬ್ರೇಕ್ ಮೇಲೆ ಆ ಒಂದು ಒಳಮಡಿಕೆಗಾಗಿ ತಗಡನ್ನು ಮಗುಚಬೇಕಾಗುತ್ತದೆ.

## ವೃತ್ತದಿಂದ ವೃತ್ತಕ್ಕೆ ಹೋಗುವ ರಿಡ್ಯೂಸರ್?

ಬಾಯಿಗಳು ಸಮಾಂತರವಾಗಿದ್ದರೆ, ಕೇಂದ್ರ ಸರಿದಿದ್ದರೂ ಅದು ಓರೆ ಶಂಕು. ಒಂದೇ ಕೋನದ ಬಿಂದುಗಳನ್ನು ಜೋಡಿಸಿದರೆ ಸರಿಯಾಗುತ್ತದೆ. ವಾಲಿದ್ದರೆ ಹಾಗೆ ಜೋಡಿಸಿದ್ದು ತಿರುಚಿಕೊಳ್ಳುತ್ತದೆ. ಸಂಧಿಸುವ ಗೆರೆಯ ಮೇಲಿನ ಒಂದೊಂದು ಬಿಂದುವಿನಿಂದ ಎರಡೂ ವೃತ್ತಗಳಿಗೆ ಸ್ಪರ್ಶರೇಖೆ ಎಳೆದು, ಅವು ಮುಟ್ಟಿದ ಬಿಂದುಗಳನ್ನು ಜೋಡಿಸಬೇಕು.

## ಸೀಮ್ ಎಲ್ಲಿ ಇಡಬೇಕು?

ಚಪ್ಪಟೆ ತ್ರಿಕೋನದ ನಡುವೆ. ಅಲ್ಲಿ ಸೀಮ್ ಅತಿ ಗಿಡ್ಡ, ನಮ್ಮ ಉದಾಹರಣೆಯಲ್ಲಿ 304.1 ಮಿ.ಮೀ. ಎರಡು ಚಪ್ಪಟೆ ಅಂಚುಗಳು ಎದುರುಬದುರು ಬರುವುದರಿಂದ ಹಿಡಿದು ವೆಲ್ಡ್ ಮಾಡುವುದೂ ಸುಲಭ. ಮೂಲೆಯ ಗೆರೆಯ ಮೇಲೆ ಸೀಮ್ ಇಟ್ಟರೆ ಬೆಂಡೂ ವೆಲ್ಡೂ ಒಂದೇ ಜಾಗದಲ್ಲಿ ಕಿತ್ತಾಡುತ್ತವೆ. ಪ್ರೆಸ್ ಬ್ರೇಕ್‌ನಲ್ಲಿ ಮಾಡುವುದಾದರೆ ಎದುರುಬದುರು ಎರಡು ಸೀಮ್, ಎರಡು ತುಂಡು ಮಾಡಿ. ಒಂದೇ ತುಂಡಾದರೆ ಕೊನೆಯ ಬೆಂಡ್‌ಗಳ ಹೊತ್ತಿಗೆ ಭಾಗ ಮುಚ್ಚಿಕೊಂಡು, ಮೇಲಿನಿಂದ ಒತ್ತುವ ಪಂಚ್‌ಗೆ ತಾಗುತ್ತದೆ.

## ಮೂಲೆಯಲ್ಲಿ ಬೆಂಡ್ ಲೈನ್‌ಗಳೆಲ್ಲ ಒಂದೇ ಕಡೆ ಬಂದು ಸೇರುತ್ತವೆ. ಇದು ಸರಿಯೇ?

ಶಂಕುವಿನ ಶಿಖರವಲ್ಲವೇ, ಸೇರಲೇಬೇಕು. ತಗಡಿಗೆ ಮಾತ್ರ ಒಂದೇ ಜಾಗದಲ್ಲಿ ಐದಾರು ಸಲ ಒತ್ತಿಸಿಕೊಳ್ಳುವುದು ಕಷ್ಟ. ಮೂಲೆಗೆ ದೊಡ್ಡ ರೇಡಿಯಸ್ ಕೊಟ್ಟರೆ ಗೆರೆಗಳು ಹರಡಿಕೊಳ್ಳುತ್ತವೆ. ಚೂಪಾಗಿಯೇ ಬೇಕಾದರೆ ಶಿಖರದಲ್ಲಿ ಸಣ್ಣ ರಿಲೀಫ್ (ತೂತು) ಕತ್ತರಿಸಿ, ಕೊನೆಗೆ ವೆಲ್ಡ್ ತುಂಬಿ.

## ತುದಿಗಳಿಗೆ ಫ್ಲ್ಯಾಂಜ್ ಅಥವಾ ಕಾಲರ್ ಅದೇ ತಗಡಿನಲ್ಲಿ ಬರುತ್ತದೆಯೇ?

ಫ್ಲ್ಯಾಂಜ್ ಎಂದರೆ ತುದಿಯಲ್ಲಿ ಮಡಿಸಿದ ಅಂಚು, ಕಾಲರ್ ಎಂದರೆ ಪೈಪಿಗೆ ಕೂರುವ ಪಟ್ಟಿ. ಚೌಕದ ಕಡೆ ಬರುತ್ತದೆ. ಅಲ್ಲಿ ಮಡಿಕೆ ನೇರ, ಮೂಲೆಗಳಲ್ಲಿ ತೆರಪು ಬಿಟ್ಟರಾಯಿತು. ಗುಂಡನೆಯ ಕಡೆ ಬರುವುದಿಲ್ಲ. ಕಾಲರನ್ನು ಬೇರೆ ಪಟ್ಟಿಯಾಗಿ ರೋಲ್ ಮಾಡಿ ಸೇರಿಸಿ.

## ಬೇರೆಯವರು ಕಳಿಸಿದ ಸ್ಟೆಪ್ ಫೈಲ್ ಹಾಸಿಕೊಳ್ಳುತ್ತಿಲ್ಲ. ಏನು ಮಾಡಲಿ?

ಸ್ಟೆಪ್ ಎಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ 3ಡಿ ಫೈಲ್. ಅದರ ಎರಡು ಬಾಯಿಗಳ ಅಳತೆ ಮತ್ತು ಅಂತರ ತೆಗೆದುಕೊಂಡು ಹೊಸದಾಗಿ ಕಟ್ಟಿ. ಆಮದಾದ ಸ್ಪ್ಲೈನ್ (ಮುಕ್ತ ವಕ್ರರೇಖೆಯ) ಮೇಲ್ಮೈಯನ್ನು ರಿಪೇರಿ ಮಾಡುತ್ತಾ ಕೂರುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ಸಾಲಿಡ್‌ವರ್ಕ್ಸ್ ಪ್ರೀಮಿಯಂನ ಸರ್ಫೇಸ್ ಫ್ಲಾಟನ್ ಯಾವ ಮೇಲ್ಮೈಯನ್ನಾದರೂ ಬಲವಂತವಾಗಿ ಹಾಸಿ, ಎಲ್ಲೆಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂದು ಬಣ್ಣದಲ್ಲಿ ತೋರಿಸುತ್ತದೆ. ಆ ಬಣ್ಣಗಳನ್ನು ಓದಿ; ಬರೀ ಬ್ರೇಕ್‌ನಲ್ಲಿ ಮಾಡುವ ಭಾಗಕ್ಕೆ ಅದನ್ನೇ ಅಂತಿಮ ಪ್ಯಾಟರ್ನ್ ಎಂದು ಬಳಸಬೇಡಿ.

## ಡಿಎಕ್ಸ್‌ಎಫ್ ಕಳಿಸುವ ಮೊದಲು ಏನು ನೋಡಬೇಕು?

ಡಿಎಕ್ಸ್‌ಎಫ್ ಎಂದರೆ ಲೇಸರ್ ಕಟಿಂಗ್‌ಗೆ ಕಳಿಸುವ 2ಡಿ ಡ್ರಾಯಿಂಗ್ ಫೈಲ್. ಬೆಂಡ್ ಲೈನ್‌ಗಳು ಬೇರೆ ಲೇಯರ್‌ನಲ್ಲಿರಲಿ, ಇಲ್ಲದಿದ್ದರೆ ಲೇಸರ್ ಅವನ್ನೂ ಕತ್ತರಿಸಿಬಿಡುತ್ತದೆ. ಯೂನಿಟ್ ಮಿಲಿಮೀಟರೋ ಇಂಚೋ ನೋಡಿ. ಅಂಚಿನ ಸ್ಪ್ಲೈನ್‌ಗಳನ್ನು ಕಮಾನು ಅಥವಾ ಪಾಲಿಲೈನ್ ಮಾಡಿ. ಕೆಲವು ಯಂತ್ರಗಳು ಸ್ಪ್ಲೈನ್ ಓದುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯ, ಯಾವ ಮುಖ ಮೇಲೆ ಇದೆ ಎಂಬುದು. ವೃತ್ತ ಎಡಕ್ಕೋ ಬಲಕ್ಕೋ ಸರಿದ ಟ್ರಾನ್ಸಿಷನ್‌ನ ಪ್ಯಾಟರ್ನನ್ನು ತಲೆಕೆಳಗು ಮಾಡಿ ಬಾಗಿಸಿದರೆ ಕನ್ನಡಿಯೊಳಗಿನ ಭಾಗ ಸಿಗುತ್ತದೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ‘ಒಳಮುಖ’ ಎಂದು ತಗಡಿನ ಮೇಲೇ ಎಚಿಂಗ್ ಹಾಕಿಸಿ.

## ತಗಡು ಕತ್ತರಿಸುವ ಮೊದಲು ಪರೀಕ್ಷೆ ಮಾಡಬಹುದೇ?

1:4 ಅಳತೆಯಲ್ಲಿ ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಪುಟ ಸಾಲದಿದ್ದರೆ ಅರ್ಧ ಪ್ಯಾಟರ್ನ್ ಎರಡು ಪ್ರತಿ. ಬೆಂಡ್ ಲೈನ್‌ಗಳ ಮೇಲೆ ಖಾಲಿ ಪೆನ್ನಿನಿಂದ ಗೀಚಿ, ಮಡಿಸಿ, ಸೀಮ್‌ಗೆ ಟೇಪ್ ಹಾಕಿ. ಚೌಕದ ಬಾಯಿಯನ್ನು ಮೇಜಿನ ಮೇಲೆ ಇಟ್ಟಾಗ ನಾಲ್ಕೂ ಅಂಚು ಮೇಜಿಗೆ ತಾಗಬೇಕು, ಮೇಲಿನ ಬಾಯಿ ಅಡ್ಡಡ್ಡ ಮಟ್ಟವಾಗಿರಬೇಕು, ಅದರ ಅಗಲ ಎಲ್ಲ ಕಡೆ ಹತ್ತಿರ ಹತ್ತಿರ 75 ಮಿ.ಮೀ. ಬರಬೇಕು. ಒಂದು ಮೂಲೆ ಎದ್ದು ನಿಂತರೆ ಯಾವುದೋ ಗೆರೆಯ ಉದ್ದ ತಪ್ಪಿದೆ. ಕಾಗದ ಎಲ್ಲಾದರೂ ಉಬ್ಬಿ, ಬಲವಂತ ಮಾಡದೆ ಕೂರದಿದ್ದರೆ ಅಲ್ಲಿ ಮೇಲ್ಮೈ ತಿರುಚಿಕೊಂಡಿದೆ. ಆ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಮಾಡೆಲ್‌ನಲ್ಲಿ ಅದೇ ಮುಖವನ್ನು ತೆರೆದು ನೋಡಿ.